ಬೇರಿಗೆ ತಾಸು, ಎಲೆಗೆ ನಿಮಿಷ: ಮನೆಯಲ್ಲಿ ಕಷಾಯ ಮಾಡುವ ಕ್ರಮ

ಕಷಾಯ ಕುದಿಯುವಾಗ ಮನೆ ತುಂಬಾ ತುಳಸಿ ಘಮ ಬಂದರೆ ನಮಗೆಲ್ಲ ಖುಷಿ. ಆದರೆ ಆ ಘಮ ಬಂದಿದ್ದು ಎಲ್ಲಿಂದ? ಪಾತ್ರೆಯಿಂದಲೇ ಅಲ್ವಾ? ಮೂಗಿಗೆ ಎಷ್ಟು ಬಂತೋ ಅಷ್ಟು ಲೋಟಕ್ಕೆ ಕಡಿಮೆಯಾಯಿತು ಅಂತಲೇ ಲೆಕ್ಕ. ಇಷ್ಟು ಸಣ್ಣ ವಿಷಯ ಅರ್ಥವಾಗಲು ನನಗೆ ವರ್ಷಗಳೇ ಬೇಕಾದವು.

2020ರಲ್ಲಿ ಕೊರೊನಾ ಬಂದಾಗ ಆಯುಷ್ ಸಚಿವಾಲಯ ತುಳಸಿ, ಚಕ್ಕೆ, ಕಾಳುಮೆಣಸು, ಒಣಶುಂಠಿಯ ಕಷಾಯ ಕುಡಿಯಿರಿ ಅಂತ ಹೇಳಿತು. ಊರಲ್ಲೆಲ್ಲ ಒಲೆ ಮೇಲೆ ಕಷಾಯದ ಪಾತ್ರೆ ಏರಿತು. ಸುಮಾರು ಮನೆಗಳಲ್ಲಿ ಮಾಡಿದ್ದು ಒಂದೇ ಕೆಲಸ. ಎಲೆ, ಬೇರು, ಕಾಳು, ಚಕ್ಕೆ ಎಲ್ಲವನ್ನೂ ಒಟ್ಟಿಗೆ ನೀರಿಗೆ ಹಾಕಿ ಅರ್ಧ ಗಂಟೆ ಕೊತಕೊತ ಕುದಿಸಿದರು. ಬೇರು ಇನ್ನೂ ಬಿಡಬೇಕಾದ್ದನ್ನು ಬಿಟ್ಟಿರಲಿಲ್ಲ, ಎಲೆಯದ್ದು ಆಗಲೇ ಹೋಗಿಯಾಗಿತ್ತು. ಲೋಟದಲ್ಲಿ ಉಳಿದಿದ್ದು ಕಹಿ ಮತ್ತು ಖಾರ.

ಕಷಾಯ ಮಾಡುವುದು ಕಷ್ಟದ ಕೆಲಸವಲ್ಲ. ಯಾವ ವಸ್ತು ಯಾವಾಗ ನೀರಿಗೆ ಬೀಳಬೇಕು, ಎಷ್ಟು ಹೊತ್ತು ಇರಬೇಕು ಅನ್ನುವುದು ಗೊತ್ತಿದ್ದರೆ ಮುಕ್ಕಾಲು ಪಾಲು ಗೆದ್ದಂತೆ. ಈ ಬರಹ ಪೂರ್ತಿ ಅದರ ಬಗ್ಗೆಯೇ.

ಕುದಿಸುವುದು ಒಂದು ದಾರಿ ಮಾತ್ರ

ಆಯುರ್ವೇದದಲ್ಲಿ ಗಿಡಮೂಲಿಕೆಯ ಸಾರ ತೆಗೆಯಲು ಐದು ಮೂಲ ವಿಧಾನಗಳಿವೆ. ಹಸಿ ಎಲೆಯನ್ನು ಜಜ್ಜಿ ಹಿಂಡಿದರೆ ಸ್ವರಸ. ನುಣ್ಣಗೆ ಅರೆದರೆ ಕಲ್ಕ. ಕುದಿಸಿ ಬತ್ತಿಸಿದರೆ ಕ್ವಾಥ. ರಾತ್ರಿಯಿಡೀ ತಣ್ಣೀರಲ್ಲಿ ನೆನೆಹಾಕಿದರೆ ಹಿಮ. ಬಿಸಿನೀರು ಹೊಯ್ದು ಸ್ವಲ್ಪ ಹೊತ್ತು ಮುಚ್ಚಿಟ್ಟರೆ ಫಾಂಟ. ಈ ಐದಕ್ಕೂ ಸೇರಿ ‘ಕಷಾಯ’ ಅನ್ನುವ ಹೆಸರಿದೆ. ನಾವು ಮನೆಯಲ್ಲಿ ಕಷಾಯ ಅನ್ನುವುದು ಮೂರನೆಯದಕ್ಕೆ ಮಾತ್ರ.

ಹಳಬರು ಐದು ದಾರಿ ಇಟ್ಟಿದ್ದು ಸುಮ್ನೆ ಅಲ್ಲ. ಗಿಡದಲ್ಲಿರುವ ಎಲ್ಲವೂ ಕುದಿ ತಡೆಯುವುದಿಲ್ಲ. ಬೇರು, ತೊಗಟೆ, ಕಾಂಡ ಗಟ್ಟಿ. ಅವುಗಳ ಒಳಗೆ ನೀರು ಇಳಿಯಬೇಕು, ಬಿಸಿ ಇಳಿಯಬೇಕು, ಆಮೇಲೆ ಸಾರ ಹೊರಗೆ ಬರಬೇಕು. ಅದಕ್ಕೆ ಹೊತ್ತು ಬೇಕು. ತುಳಸಿ, ದೊಡ್ಡಪತ್ರೆ, ಪುದೀನ, ಮಜ್ಜಿಗೆಹುಲ್ಲು ಇವುಗಳ ಗುಣ ಇರುವುದು ಹಾರಿಹೋಗುವ ಎಣ್ಣೆಯಲ್ಲಿ. ಅದು ಆವಿಯ ಜೊತೆಗೇ ಎದ್ದು ಹೋಗುತ್ತದೆ. ಹೂವಿನದ್ದೂ ಇದೇ ಕತೆ.

ಇದಕ್ಕೆ ದೊಡ್ಡ ಸಾಕ್ಷಿ ಇರುವುದು ಚೀನಾದಲ್ಲಿ. 1970ರ ಸುಮಾರಿಗೆ ತು ಯೂಯೂ ಅನ್ನುವ ವಿಜ್ಞಾನಿ ಮಲೇರಿಯಾಕ್ಕೆ ಮದ್ದು ಹುಡುಕುತ್ತಿದ್ದರು. ಛಿಂಗ್‌ಹಾವ್ ಅನ್ನುವ ಗಿಡದ ಸಾರ ಒಮ್ಮೆ ಕೆಲಸ ಮಾಡುತ್ತಿತ್ತು, ಇನ್ನೊಮ್ಮೆ ಮಾಡುತ್ತಿರಲಿಲ್ಲ. ಗ ಹಾಂಗ್ ಅನ್ನುವ ನಾಲ್ಕನೇ ಶತಮಾನದ ವೈದ್ಯರ ಬರಹದಲ್ಲಿ ಆ ಗಿಡದ ಒಂದು ಹಿಡಿಯನ್ನು ನೀರಲ್ಲಿ ನೆನೆಸಿ, ಹಿಂಡಿ, ರಸ ಕುಡಿಯಬೇಕು ಅಂತ ಇತ್ತು. ಕುದಿಸುವ ಮಾತೇ ಇರಲಿಲ್ಲ. ತು ಯೂಯೂ ಅವರಿಗೆ ಅಲ್ಲಿ ಹೊಳೆಯಿತು: ಬಿಸಿಯೇ ಮದ್ದನ್ನು ಕೆಡಿಸುತ್ತಿರಬಹುದು. ಕಡಿಮೆ ಬಿಸಿಯಲ್ಲಿ ಕುದಿಯುವ ಈಥರ್‌ನಲ್ಲಿ ಸಾರ ತೆಗೆದರು, ಅದು ಫಲ ಕೊಟ್ಟಿತು. ಅದರಿಂದ ಸಿಕ್ಕಿದ್ದೇ ಆರ್ಟಿಮಿಸಿನಿನ್ ಅನ್ನುವ ಮಲೇರಿಯಾ ಮದ್ದು. 2015ರಲ್ಲಿ ಅವರಿಗೆ ನೊಬೆಲ್ ಬಂತು. ನಮ್ಮ ಅಡುಗೆಮನೆಗೆ ಈಥರ್ ಬೇಡ. ಆದರೆ ಪಾತ್ರೆಗೆ ಏನಾದರೂ ಹಾಕುವ ಮೊದಲು ‘ಇದು ಕುದಿ ತಡೆಯುತ್ತದಾ?’ ಅಂತ ಕೇಳಿಕೊಳ್ಳುವುದನ್ನು ಇದರಿಂದ ಕಲಿಯಬಹುದು.

ಪಾತ್ರೆ, ನೀರು, ಕುಟ್ಟಾಣಿ

ಪಾತ್ರೆ ಸ್ಟೀಲಿನದು ಇರಲಿ, ತಳ ದಪ್ಪ ಇರಲಿ. ಮಣ್ಣಿನ ಗಡಿಗೆ ಇದ್ದರೆ ಇನ್ನೂ ಚೆಂದ. ಆಯುರ್ವೇದದ ಹಳೆಯ ಗ್ರಂಥ ಶಾರ್ಙ್ಗಧರ ಸಂಹಿತೆಯೂ ಕ್ವಾಥಕ್ಕೆ ಮಣ್ಣಿನ ಪಾತ್ರೆಯನ್ನೇ ಹೇಳುತ್ತದೆ. ಮಣ್ಣು ನಿಧಾನ ಕಾಯುತ್ತದೆ, ಒಮ್ಮೆ ಕಾದರೆ ಒಂದೇ ಹದದಲ್ಲಿ ಇರುತ್ತದೆ. ಆದರೆ ಅದನ್ನು ಸಾರು, ಪಲ್ಯಕ್ಕೆ ಬಳಸಬೇಡಿ. ಮಣ್ಣು ವಾಸನೆ ಹಿಡಿದಿಟ್ಟುಕೊಳ್ಳುತ್ತದೆ.

ಅಲ್ಯುಮಿನಿಯಂ ಬೇಡ, ಕಬ್ಬಿಣವೂ ಬೇಡ. ಯಾಕೆ ಅಂತ ಕಣ್ಣಾರೆ ನೋಡಬೇಕಾದರೆ ಒಂದು ಚಮಚ ತ್ರಿಫಲ ಪುಡಿಯನ್ನು ಕಬ್ಬಿಣದ ಬಾಣಲೆಯಲ್ಲಿ ನೀರು ಹಾಕಿ ಬಿಸಿ ಮಾಡಿ. ಸ್ವಲ್ಪ ಹೊತ್ತಿಗೆ ನೀರು ಶಾಯಿಯ ಹಾಗೆ ಕಪ್ಪಾಗುತ್ತದೆ. ಅಳಲೆಕಾಯಿ, ನೆಲ್ಲಿಕಾಯಿ, ತಾರೆಕಾಯಿಯ ಒಗರಿಗೆ ಕಬ್ಬಿಣ ಸೇರಿದರೆ ಹಾಗೆಯೇ ಆಗುವುದು. ಹಿಂದೆ ಬರೆಯುವ ಮಸಿ ಮಾಡುತ್ತಿದ್ದದ್ದೂ ಹೀಗೇ. ಹುಳಿ, ಒಗರು ಇರುವ ಏನೇ ಆದರೂ ಅಲ್ಯುಮಿನಿಯಂ ಜೊತೆಗೂ ಸೇರಿಕೊಳ್ಳುತ್ತದೆ. ಸ್ಟೀಲ್ ಇದ್ದರೆ ಆ ತಲೆಬಿಸಿ ಇಲ್ಲ.

ನೀರು ಕುಡಿಯುವ ನೀರೇ ಇರಲಿ. ಬೋರ್‌ವೆಲ್‌ನ ಗಡಸು ನೀರು ಬತ್ತುತ್ತಾ ಹೋದಂತೆ ಇನ್ನೂ ಗಡಸಾಗುತ್ತದೆ, ರುಚಿ ಕೆಡುತ್ತದೆ.

ಇನ್ನು ಕುಟ್ಟಾಣಿ. ಒಣಗಿದ ಬೇರು, ತೊಗಟೆ, ಕಾಳುಗಳನ್ನು ತರಿತರಿಯಾಗಿ ಜಜ್ಜಬೇಕು, ಅಕ್ಕಿ ನುಚ್ಚಿನ ಹದ. ಇಡೀ ಬೇರು ಹಾಕಿದರೆ ನೀರು ಒಳಗೆ ಇಳಿಯುವುದೇ ಇಲ್ಲ. ಮಿಕ್ಸಿಯಲ್ಲಿ ಹಿಟ್ಟು ಮಾಡಿದರೆ ತಳ ಹಿಡಿಯುತ್ತದೆ, ಸೋಸಲು ಬರುವುದಿಲ್ಲ, ಗಂಟಲಲ್ಲಿ ಪುಡಿ ನಿಲ್ಲುತ್ತದೆ. ಹಸಿ ಅಮೃತಬಳ್ಳಿ ಕಾಂಡವಾದರೆ ಮೇಲಿನ ತೆಳು ಸಿಪ್ಪೆ ತೆಗೆದು, ಬೆರಳುದ್ದ ತುಂಡು ಮಾಡಿ, ನಾರು ಬಿಡುವವರೆಗೆ ಗುದ್ದಿ.

ಲೆಕ್ಕ: ಎಷ್ಟು ನೀರು, ಎಷ್ಟಕ್ಕೆ ಇಳಿಸಬೇಕು

ಶಾರ್ಙ್ಗಧರ ಹೇಳುವ ಲೆಕ್ಕ ನೆನಪಿಟ್ಟುಕೊಳ್ಳಲು ಸುಲಭ. ಒಂದು ಪಾಲು ಜಜ್ಜಿದ ಮೂಲಿಕೆಗೆ ಹದಿನಾರು ಪಾಲು ನೀರು. ಅದು ಎಂಟನೇ ಒಂದು ಪಾಲಿಗೆ ಇಳಿಯಬೇಕು. ಮೂಲಿಕೆ ಎಷ್ಟು ಗಟ್ಟಿ ಅನ್ನುವುದರ ಮೇಲೆ ಇನ್ನೊಂದು ಲೆಕ್ಕವೂ ಬಳಕೆಯಲ್ಲಿದೆ. ಮೃದುವಾದದ್ದಕ್ಕೆ ನಾಲ್ಕು ಪಾಲು ನೀರು, ನಡುವಿನದ್ದಕ್ಕೆ ಎಂಟು, ಗಟ್ಟಿಯದ್ದಕ್ಕೆ ಹದಿನಾರು, ಎಲ್ಲವೂ ಕಾಲು ಭಾಗಕ್ಕೆ ಇಳಿಯಬೇಕು. ಅಂದರೆ 20 ಗ್ರಾಂ ಬೇರಿಗೆ 320 ಮಿಲಿ ನೀರು. ನಾಲ್ಕಕ್ಕೊಂದು ಇಳಿಸಿದರೆ 80 ಮಿಲಿ, ಎಂಟಕ್ಕೊಂದು ಇಳಿಸಿದರೆ 40 ಮಿಲಿ ಸಿಗುತ್ತದೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಈ ಲೆಕ್ಕ ಮದ್ದಿನದ್ದು. ವೈದ್ಯರು ಕಷಾಯದ ಚೂರ್ಣ ಕೊಟ್ಟು ಹೇಗೆ ಹೇಳಿದ್ದಾರೋ ಹಾಗೆಯೇ ಮಾಡಬೇಕು. ನೆಗಡಿಗೆ, ಚಳಿಗೆ, ಸುಮ್ನೆ ಸಂಜೆ ಕುಡಿಯಲು ಮನೆಯಲ್ಲಿ ಮಾಡುವ ಕಷಾಯಕ್ಕೆ ಇಷ್ಟು ಗಟ್ಟಿ ಬೇಡ. ಅದಕ್ಕೆ ಮೂಲಿಕೆ ಕಡಿಮೆ, ನೀರು ಜಾಸ್ತಿ, ಅರ್ಧಕ್ಕೆ ಇಳಿಸಿದರೆ ಸಾಕು. ಎರಡನ್ನೂ ಕಲಸಬೇಡಿ. ಗಟ್ಟಿ ಕಷಾಯವನ್ನು ಲೋಟಗಟ್ಟಲೆ ಕುಡಿದರೆ ಹೊಟ್ಟೆ ಉರಿಯುತ್ತದೆ.

ಕಡ್ಡಿ ಅಳತೆ

ಅರ್ಧಕ್ಕೆ ಇಳಿಸಿ, ಕಾಲಿಗೆ ಇಳಿಸಿ ಅಂತ ಎಲ್ಲರೂ ಹೇಳುತ್ತಾರೆ. ಕುದಿಯುವ ಪಾತ್ರೆಯಲ್ಲಿ ಕಾಲು ಭಾಗ ಎಲ್ಲಿದೆ ಅಂತ ನೋಡುವುದು ಹೇಗೆ? ಇದನ್ನು ನನಗೆ ತೋರಿಸಿಕೊಟ್ಟವರು ಸಾಗರದ ಹತ್ತಿರದ ಹಳ್ಳಿಯಲ್ಲಿದ್ದ ನಮ್ಮ ದೊಡ್ಡಮ್ಮ. ಅವರ ಒಲೆಯ ಪಕ್ಕದ ಗೋಡೆಗೆ ಅಡಿಕೆ ದಬ್ಬೆಯ ಒಂದು ಸೀಳು ಸಿಕ್ಕಿಸಿರುತ್ತಿತ್ತು. ಗೇಣುದ್ದ, ಬೆರಳಿನಷ್ಟು ದಪ್ಪ, ಹೊಗೆ ಹಿಡಿದು ಕಂದು ಬಣ್ಣಕ್ಕೆ ತಿರುಗಿದ್ದು. ಅದರ ಮೈಮೇಲೆ ಕತ್ತಿಯಲ್ಲಿ ಕೊರೆದ ಸಣ್ಣ ಸಣ್ಣ ಗೀರುಗಳು.

ಅವರು ಮಾಡುತ್ತಿದ್ದದ್ದು ಹೀಗೆ. ಜಜ್ಜಿದ ಬೇರನ್ನು ಪಾತ್ರೆಗೆ ಹಾಕಿ, ಮೊದಲು ಕೊನೆಗೆ ಎಷ್ಟು ಕಷಾಯ ಉಳಿಯಬೇಕೋ ಅಷ್ಟೇ ನೀರು ಹೊಯ್ಯುತ್ತಿದ್ದರು. ಒಂದು ಲೋಟ ಬೇಕಾದರೆ ಒಂದೇ ಲೋಟ. ಬೇರು ನೆನೆದ ಮೇಲೆ ಕಡ್ಡಿಯನ್ನು ತಳಕ್ಕೆ ಮುಟ್ಟುವ ಹಾಗೆ ನೆಟ್ಟಗೆ ಅದ್ದಿ, ನೀರು ನಿಂತಲ್ಲಿ ಉಗುರಿನಿಂದ ಒಂದು ಗುರುತು. ಆಮೇಲೆ ಉಳಿದ ಮೂರು ಲೋಟ ನೀರು. ಕುದಿಯುತ್ತಾ ಕುದಿಯುತ್ತಾ ನೀರು ಮತ್ತೆ ಆ ಗುರುತಿಗೆ ಬಂದಾಗ ಒಲೆಯಿಂದ ಇಳಿಸುವುದು. ಬೇರು ಎಷ್ಟು ಜಾಗ ತಿಂದಿದೆ, ಪಾತ್ರೆಯ ತಳ ಕಿರಿದಾಗಿದೆಯಾ, ಬಾಯಿ ಅಗಲವಾಗಿದೆಯಾ, ಯಾವುದನ್ನೂ ಲೆಕ್ಕ ಹಾಕಬೇಕಾಗಿಲ್ಲ. ಗುರುತಿನಲ್ಲೇ ಎಲ್ಲ ಬಂದಿರುತ್ತದೆ.

ನಾನು ಮತ್ತೆ ಮತ್ತೆ ವಾಚು ನೋಡುತ್ತಿದ್ದೆ. ‘ಗಡಿಯಾರ ನೋಡಡ ಮಾಣಿ, ಕಡ್ಡಿ ನೋಡು’ ಅಂದರು.

ಇವತ್ತಿಗೂ ನಾನು ಹಾಗೇ ಮಾಡುತ್ತೇನೆ. ದಬ್ಬೆ ಇಲ್ಲದಿದ್ದರೆ ಮರದ ಸೌಟಿನ ಹಿಡಿ ಆಗುತ್ತದೆ, ಗುರುತಿಗೆ ಒಂದು ರಬ್ಬರ್ ಬ್ಯಾಂಡ್ ಸುತ್ತಿ. ಗ್ಯಾಸಿನ ಉರಿ ಒಂದೊಂದು ಮನೆಯಲ್ಲಿ ಒಂದೊಂದು ಥರ, ಪಾತ್ರೆಯ ಬಾಯಿ ಒಂದೊಂದು ಅಗಲ. ‘ಇಪ್ಪತ್ತು ನಿಮಿಷ ಕುದಿಸಿ’ ಅನ್ನುವ ಮಾತು ಎಲ್ಲರಿಗೂ ಹೊಂದುವುದಿಲ್ಲ. ನಿಮಿಷ ಅಂದಾಜಿಗೆ, ಗುರುತು ನಂಬಿಕೆಗೆ.

ಈಗ ಮಾಡೋಣ: ನೆಗಡಿ, ಗಂಟಲು ಕೆರೆತಕ್ಕೆ ಒಂದು ಕಷಾಯ

ಇಬ್ಬರಿಗೆ ಸಾಕಾಗುವಷ್ಟು. ಒಣಶುಂಠಿ ಒಂದು ಸಣ್ಣ ತುಂಡು, ಸುಮಾರು 3 ಗ್ರಾಂ. ಜ್ಯೇಷ್ಠಮಧು ಎರಡು ಇಂಚಿನ ಒಂದು ಕಡ್ಡಿ. ಕಾಳುಮೆಣಸು 8 ಕಾಳು. ಕೊತ್ತಂಬರಿ ಬೀಜ ಒಂದು ದೊಡ್ಡ ಚಮಚ, ಜೀರಿಗೆ ಒಂದು ಸಣ್ಣ ಚಮಚ. ತುಳಸಿ 10–12 ಎಲೆ, ದೊಡ್ಡಪತ್ರೆ 2 ಎಲೆ. ನೀರು 600 ಮಿಲಿ, ಅಂದರೆ ಮೂರು ಲೋಟ. ಬೆಲ್ಲ ನಿಮ್ಮ ರುಚಿಗೆ.

1. ಶುಂಠಿ, ಜ್ಯೇಷ್ಠಮಧುವನ್ನು ಜಜ್ಜಿ ಪಾತ್ರೆಗೆ ಹಾಕಿ. ಒಂದೂವರೆ ಲೋಟ ನೀರು ಹೊಯ್ದು ಅರ್ಧ ಗಂಟೆ ನೆನೆಯಲು ಬಿಡಿ. ಈ ನೆನೆಸುವ ಕೆಲಸವನ್ನು ಬಿಡಬೇಡಿ. ಒಣ ಬೇರು ತಣ್ಣೀರು ಕುಡಿದು ಉಬ್ಬಿಕೊಂಡರೆ ಆಮೇಲೆ ಬೇಗ ಸಾರ ಬಿಡುತ್ತದೆ. ಗಟ್ಟಿ ತೊಗಟೆ, ದಪ್ಪ ಬೇರು ಆದರೆ ರಾತ್ರಿಯೇ ನೆನೆಹಾಕಿ.

2. ಕಡ್ಡಿ ಅದ್ದಿ ಗುರುತು ಮಾಡಿಕೊಳ್ಳಿ. ಉಳಿದ ಒಂದೂವರೆ ಲೋಟ ನೀರು ಸೇರಿಸಿ. ನೆನೆಸಿದ ನೀರನ್ನು ಚೆಲ್ಲಬೇಡಿ, ಸಾರ ಆಗಲೇ ಅದರಲ್ಲಿ ಇಳಿದಿರುತ್ತದೆ.

3. ದೊಡ್ಡ ಉರಿಯಲ್ಲಿ ಒಂದು ಕುದಿ ಬರಲಿ. ಬಂದ ತಕ್ಷಣ ಉರಿ ಸಣ್ಣ ಮಾಡಿ. ಪಾತ್ರೆಯ ಅಂಚಿನಲ್ಲಿ ಸಣ್ಣ ಗುಳ್ಳೆ ಏಳುತ್ತಿರಬೇಕು, ನೀರು ಮಗುಚಿ ಮಗುಚಿ ಬೀಳಬಾರದು. ಜೋರು ಉರಿಯಲ್ಲಿ ನೀರು ಬೇಗ ಬತ್ತುತ್ತದೆ, ಬೇರಿನಿಂದ ಸಾರ ಬರಲು ಹೊತ್ತೇ ಸಿಗುವುದಿಲ್ಲ. ಈ ಹಂತದಲ್ಲಿ ಮುಚ್ಚಳ ಬೇಡ. ಮುಚ್ಚಿದರೆ ಆವಿ ಮತ್ತೆ ನೀರಾಗಿ ಒಳಗೇ ಬೀಳುತ್ತದೆ, ಕಷಾಯ ಇಳಿಯುವುದೇ ಇಲ್ಲ.

4. ಗುರುತು ಮುಟ್ಟಲು ಇನ್ನು ಐದು ನಿಮಿಷ ಇದೆ ಅನ್ನಿಸಿದಾಗ ಕಾಳುಮೆಣಸು, ಕೊತ್ತಂಬರಿ, ಜೀರಿಗೆಯನ್ನು ಆಗಷ್ಟೇ ಜಜ್ಜಿ ಹಾಕಿ. ಇವಕ್ಕೂ ಘಮ ಇರುವುದು ಎಣ್ಣೆಯಲ್ಲಿ. ಮೊದಲೇ ಹಾಕಿದರೆ ಖಾರ ಉಳಿಯುತ್ತದೆ, ಘಮ ಹೋಗುತ್ತದೆ. ಒಣಶುಂಠಿ ಇಲ್ಲದೆ ಹಸಿಶುಂಠಿ ಬಳಸಿದರೆ ಅದನ್ನು ಜಜ್ಜಿ ಮಧ್ಯದಲ್ಲಿ, ಹತ್ತು ನಿಮಿಷ ಇದೆ ಅನ್ನುವಾಗ ಹಾಕಿ. ಎರಡರ ಖಾರ ಬೇರೆ ಬೇರೆ. ಶುಂಠಿ ಒಣಗುವಾಗ ಅದರೊಳಗಿನ ಜಿಂಜರಾಲ್ ಸ್ವಲ್ಪ ಭಾಗ ಶೋಗೋಲ್ ಆಗುತ್ತದೆ, ಅದು ಇನ್ನೂ ಖಾರ. ಹಾಗಾಗಿ ಒಣಶುಂಠಿ ಗಂಟಲಿಗೆ ಚುರುಕ್ಕನೆ ಹಿಡಿಯುತ್ತದೆ.

5. ನೀರು ಗುರುತಿಗೆ ಬಂತಾ? ಬೆಲ್ಲ ಹಾಕಿ ಕರಗಿಸಿ, ಒಲೆ ಆರಿಸಿ. ಈಗ ತುಳಸಿ, ದೊಡ್ಡಪತ್ರೆಯನ್ನು ಕೈಯಲ್ಲಿ ಹರಿದು ಹಾಕಿ ಗಟ್ಟಿ ಮುಚ್ಚಳ ಮುಚ್ಚಿ. ಐದರಿಂದ ಏಳು ನಿಮಿಷ ತೆಗೆಯಲೇಬೇಡಿ. ಆಮೇಲೆ ಮುಚ್ಚಳ ಎತ್ತಿದಾಗ ಒಳಬದಿಯಲ್ಲಿ ಹನಿ ಹನಿ ನಿಂತಿರುತ್ತದೆ. ಅದನ್ನು ಸಿಂಕಿಗೆ ಝಾಡಿಸಬೇಡಿ, ವಾಪಸ್ ಪಾತ್ರೆಗೆ ಬಗ್ಗಿಸಿ. ಆ ಹನಿ ಮೂಸಿ ನೋಡಿ, ತುಳಸಿಯ ಘಮ ಅದರಲ್ಲೇ ಇರುತ್ತದೆ.

6. ತೆಳು ಹತ್ತಿ ಬಟ್ಟೆಯಲ್ಲಿ ಸೋಸಿ, ಗಂಟು ಕಟ್ಟಿ ಹಿಂಡಿ. ಬೇರಿನ ಚರಟ ಸುಮಾರು ಕಷಾಯವನ್ನು ತನ್ನಲ್ಲೇ ಇಟ್ಟುಕೊಂಡಿರುತ್ತದೆ. ಟೀ ಜರಡಿ ಸಾಲದು.

ಜೇನು ಹಾಕುವವರು ಕಷಾಯ ಉಗುರುಬೆಚ್ಚಗೆ ಆದ ಮೇಲೆ ಹಾಕಿ. ಬಿಸಿಗೆ ಜೇನು ಬೇಡ ಅನ್ನುವುದು ಆಯುರ್ವೇದದ ಹಳೆಯ ನಿಯಮ. ಒಂದು ವರ್ಷ ತುಂಬದ ಮಗುವಿಗೆ ಜೇನು ಯಾವ ರೂಪದಲ್ಲೂ ಕೊಡಬಾರದು. ಅದರಲ್ಲಿ ಇರಬಹುದಾದ ಬೊಟುಲಿಸಂ ರೋಗಾಣು ಎಳೆ ಕೂಸಿನ ಹೊಟ್ಟೆಯಲ್ಲಿ ಬೆಳೆಯುತ್ತದೆ.

ಮಲೆನಾಡಿನ ಹಾಲು ಕಷಾಯ

ಇದು ಮದ್ದಿಗಿಂತ ಜಾಸ್ತಿ ಬಾಯಿರುಚಿಗೆ. ಮಲೆನಾಡು, ಕರಾವಳಿಯ ಎಷ್ಟೋ ಮನೆಗಳಲ್ಲಿ ಕಾಫಿ, ಟೀ ಕುಡಿಯದವರಿಗೆ ಬೆಳಿಗ್ಗೆ ಸಂಜೆ ಇದೇ. ನೆಂಟರು ಬಂದರೆ ‘ಕಾಫಿನಾ, ಕಷಾಯನಾ?’ ಅಂತ ಕೇಳುವ ವಾಡಿಕೆ ಇದೆ.

ಪುಡಿಗೆ ಕೊತ್ತಂಬರಿ ಬೀಜ ಒಂದು ಕಪ್, ಜೀರಿಗೆ ಅರ್ಧ ಕಪ್, ಸೋಂಪು ಮತ್ತು ಕಾಳುಮೆಣಸು ಒಂದೊಂದು ದೊಡ್ಡ ಚಮಚ, ಮೆಂತ್ಯ ಒಂದು ಸಣ್ಣ ಚಮಚ, ಒಣಶುಂಠಿ ಒಂದು ತುಂಡು, ಏಲಕ್ಕಿ ಆರು, ಜಾಯಿಕಾಯಿ ಚೂರೇ ಚೂರು. ಒಂದೊಂದನ್ನೂ ಬೇರೆ ಬೇರೆ ಹುರಿಯಿರಿ, ಸಣ್ಣ ಉರಿಯಲ್ಲಿ. ಒಟ್ಟಿಗೆ ಹಾಕಿದರೆ ಕೊತ್ತಂಬರಿ ಬಿಸಿಯಾಗುವಷ್ಟರಲ್ಲಿ ಜೀರಿಗೆ ಸೀದಿರುತ್ತದೆ. ಮೆಂತ್ಯ ಹೊಂಬಣ್ಣಕ್ಕೆ ಬಂದರೆ ಸಾಕು, ಕೆಂಪಾದರೆ ಇಡೀ ಡಬ್ಬಿ ಕಹಿ. ಏಲಕ್ಕಿ, ಜಾಯಿಕಾಯಿ ಹುರಿಯಬೇಡಿ. ಪೂರ್ತಿ ಆರಿದ ಮೇಲೆ ಪುಡಿ ಮಾಡಿ, ಗಾಳಿಯಾಡದ ಡಬ್ಬಿಯಲ್ಲಿಡಿ. ಒಂದೆರಡು ತಿಂಗಳಿಗೆ ಆಗುವಷ್ಟೇ ಮಾಡಿ.

ಒಂದು ಲೋಟ ನೀರಿಗೆ ಒಂದು ಸಣ್ಣ ಚಮಚ ಪುಡಿ, ಬೆಲ್ಲ ಹಾಕಿ ಎರಡು ಮೂರು ನಿಮಿಷ ಕುದಿಸಿ. ಪುಡಿ ಹುರಿದದ್ದು, ಸಣ್ಣದು, ಅದಕ್ಕೆ ಇಷ್ಟೇ ಸಾಕು. ಒಲೆ ಆರಿಸಿ, ಒಂದು ನಿಮಿಷ ಬಿಟ್ಟು, ಬೇರೆ ಕಾಯಿಸಿಟ್ಟ ಹಾಲು ಸೇರಿಸಿ. ಬೆಲ್ಲ ಹಾಕಿದ ಕಷಾಯಕ್ಕೆ ಹಾಲು ಹಾಕಿ ಮತ್ತೆ ಕುದಿಸಿದರೆ ಒಡೆಯುವುದು ಗ್ಯಾರಂಟಿ ಅಂತಲೇ ಇಟ್ಟುಕೊಳ್ಳಿ.

ಕಾಫಿ ಮಾತು ಬಂತಲ್ಲ, ಇನ್ನೊಂದು ಹೇಳುತ್ತೇನೆ. ನಾವು ಫಿಲ್ಟರಿನಿಂದ ಇಳಿಯುವುದನ್ನು ಡಿಕಾಕ್ಷನ್ ಅನ್ನುತ್ತೇವೆ. ಡಿಕಾಕ್ಷನ್ ಅಂದರೆ ಕುದಿಸಿ ತೆಗೆದದ್ದು ಅಂತ ಅರ್ಥ. ಆದರೆ ಫಿಲ್ಟರಿನಲ್ಲಿ ನಾವು ಕಾಫಿಪುಡಿಯನ್ನು ಕುದಿಸುವುದೇ ಇಲ್ಲ, ಬಿಸಿನೀರು ಅದರ ಮೂಲಕ ಹನಿಹನಿಯಾಗಿ ಇಳಿಯುತ್ತದೆ. ಅದಕ್ಕೇ ಅದರಲ್ಲಿ ಘಮ ಉಳಿಯುವುದು. ಅದೇ ಪುಡಿಯನ್ನು ಹತ್ತು ನಿಮಿಷ ಕುದಿಸಿ ನೋಡಿ, ಕಹಿ ಮಾತ್ರ ಸಿಗುತ್ತದೆ. ಎಲೆಗೂ ಆಗುವುದು ಅದೇ.

ಕುದಿಸಲೇಬಾರದ ಕೆಲವು

ಸೊಗದೆ ಬೇರು, ಅಂದರೆ ನನ್ನಾರಿ. ಅದರ ಸುವಾಸನೆಗೆ ಮನಸೋತು ತಂದು ಕುದಿಸಿದವರು ಬೇಸರ ಪಟ್ಟುಕೊಂಡಿದ್ದನ್ನು ನೋಡಿದ್ದೇನೆ. ಅದೂ ಬೇರು, ಆದರೂ ಅದರ ಘಮ ಹಾರಿಹೋಗುವಂಥದ್ದು. ಒಳಗಿನ ಕಡ್ಡಿ ತೆಗೆದು, ಮೇಲಿನ ಸಿಪ್ಪೆಯನ್ನು ಜಜ್ಜಿ, ಬಿಸಿನೀರಲ್ಲಿ ರಾತ್ರಿಯಿಡೀ ಮುಚ್ಚಿಡಿ. ಬೆಳಿಗ್ಗೆ ಸೋಸಿ, ಆ ನೀರನ್ನು ತಣ್ಣಗಾದ ಸಕ್ಕರೆ ಪಾಕಕ್ಕೆ ಸೇರಿಸಿ, ನಿಂಬೆರಸ ಹಿಂಡಿ. ಬೇಸಿಗೆಗೆ ಇದಕ್ಕಿಂತ ಒಳ್ಳೆಯ ಶರಬತ್ತು ನನಗೆ ಗೊತ್ತಿಲ್ಲ. ಲಾವಂಚವೂ ಹಾಗೇ. ಒಂದು ಹಿಡಿ ತೊಳೆದು ಮಣ್ಣಿನ ಹೂಜಿಗೆ ಹಾಕಿಟ್ಟರೆ ಸಾಕು.

ಅರಿಶಿನದ್ದು ಬೇರೆ ತೊಂದರೆ. ಅದರ ಹಳದಿ ಸಾರ ಕರ್ಕ್ಯುಮಿನ್ ನೀರಲ್ಲಿ ಕರಗುವುದು ಬಹಳ ಕಡಿಮೆ, ಜಿಡ್ಡಿನಲ್ಲಿ ಕರಗುತ್ತದೆ. ಬರೀ ನೀರಲ್ಲಿ ಎಷ್ಟು ಕುದಿಸಿದರೂ ಪುಡಿ ತಳದಲ್ಲಿ ಕೂರುತ್ತದೆ. ಅದಕ್ಕೆ ಹಾಲು ಬೇಕು, ಇಲ್ಲವೇ ಒಂದು ಹನಿ ತುಪ್ಪ. ಜೊತೆಗೆ ಕಾಳುಮೆಣಸು. ಅರಿಶಿನದ ಹಾಲಿಗೆ ಮೆಣಸು ಹಾಕುವ ಮನೆರೂಢಿಯಲ್ಲಿ ಹುರುಳಿದೆ. ಮೆಣಸಿನ ಪೈಪರಿನ್ ಕರ್ಕ್ಯುಮಿನ್ ಮೈಗೆ ಸೇರಲು ಸಹಾಯ ಮಾಡುತ್ತದೆ.

ತುಳುನಾಡಿನ ಹಾಲೆ ಕಷಾಯ ಈ ಎಲ್ಲದಕ್ಕಿಂತ ಬೇರೆ. ತುಳು ತಿಂಗಳಾದ ಆಟಿಯ ಅಮಾವಾಸ್ಯೆಯ ದಿನ ಸೂರ್ಯ ಹುಟ್ಟುವ ಮೊದಲು ಹಾಲೆ, ಅಂದರೆ ಪಾಲೆ ಮರದ ತೊಗಟೆ ತರುತ್ತಾರೆ. ಕತ್ತಿ ಮುಟ್ಟಿಸದೆ ಕಲ್ಲಿನಲ್ಲಿ ಜಜ್ಜಿ ತೆಗೆಯುವುದು ಪದ್ಧತಿ. ಅದನ್ನು ಕಾಳುಮೆಣಸು, ಬೆಳ್ಳುಳ್ಳಿ, ಓಮದ ಜೊತೆ ಅರೆದು ರಸ ಹಿಂಡುತ್ತಾರೆ. ಆಮೇಲೆ ಬಿಳಿ ಬೆಣಚುಕಲ್ಲನ್ನು ಕೆಂಡದಲ್ಲಿ ಕೆಂಪಗೆ ಕಾಯಿಸಿ ಆ ರಸಕ್ಕೆ ಹಾಕುತ್ತಾರೆ. ಚುಂಯ್ ಅನ್ನುತ್ತದೆ, ಆವಿ ಏಳುತ್ತದೆ, ಅಷ್ಟೇ. ಒಲೆಯ ಮೇಲೆ ಬತ್ತಿಸುವ ಮಾತಿಲ್ಲ. ಕುಡಿದ ಮೇಲೆ ಮೆಂತ್ಯದ ಗಂಜಿ ಉಣ್ಣುತ್ತಾರೆ. ಆದರೆ ಇದನ್ನು ಓದಿ ನೀವೇ ಕಾಡಿಗೆ ಹೋಗಿ ತೊಗಟೆ ತರಬೇಡಿ. ನಸುಕಿನ ಕತ್ತಲಲ್ಲಿ ಕಾಸರಕದ ಮರವನ್ನು ಪಾಲೆ ಅಂದುಕೊಂಡರೆ ಜೀವಕ್ಕೇ ಅಪಾಯ, ಅದರಲ್ಲಿ ಸ್ಟ್ರಿಕ್ನಿನ್ ಅನ್ನುವ ವಿಷ ಇದೆ. ಪಾಲೆಯ ಎಲೆ ಒಂದೇ ಗೆಣ್ಣಿನಲ್ಲಿ ಸುತ್ತಲೂ ಸಾಮಾನ್ಯವಾಗಿ ಏಳರ ಸುಮಾರಿಗೆ ಇರುತ್ತವೆ, ಗಾಯ ಮಾಡಿದರೆ ಹಾಲು ಬರುತ್ತದೆ. ಆದರೂ ಮರ ಗೊತ್ತಿರುವವರು ಹಗಲಲ್ಲೇ ನೋಡಿ ಗುರುತು ಕಟ್ಟಿದ ಮರದಿಂದ ತಂದದ್ದನ್ನು ಮಾತ್ರ ಕುಡಿಯಿರಿ.

ಎಷ್ಟು ದಿನ ಇಡಬಹುದು

ದಿನ ಅಲ್ಲ, ಹೊತ್ತು. ಬೆಳಿಗ್ಗೆ ಮಾಡಿದ್ದು ಸಂಜೆಯೊಳಗೆ ಮುಗಿಯಬೇಕು. ಫ್ರಿಜ್‌ನಲ್ಲಿಟ್ಟರೂ ಮಾರನೇ ದಿನದ ಆಚೆ ಬೇಡ. ಒಮ್ಮೆ ನಾನು ಬಸ್ಸಿನಲ್ಲಿ ಕುಡಿಯೋಣ ಅಂತ ಬೆಲ್ಲ ಹಾಕಿದ ಕಷಾಯವನ್ನು ಫ್ಲಾಸ್ಕಿನಲ್ಲಿ ತುಂಬಿ, ಕುಡಿಯದೆ ಮರೆತು, ಮರುದಿನ ಮಧ್ಯಾಹ್ನ ತೆಗೆದೆ. ಮುಚ್ಚಳ ಟಪ್ ಅಂತ ಹಾರಿತು, ಹುಳಿ ವಾಸನೆ ಬಂತು. ಬೆಲ್ಲ ಇದ್ದರೆ ಬೇಗ ಹುದುಗುತ್ತದೆ. ಅಂಗಡಿಯಲ್ಲಿ ಸಿಗುವ ಅರಿಷ್ಟಗಳು ಬೇರೆ. ಅಲ್ಲಿ ಕಷಾಯವನ್ನು ಬೆಲ್ಲ, ಧಾತಕಿ ಹೂವಿನ ಜೊತೆ ಬೇಕಂತಲೇ ಹುದುಗಿಸಿ, ಹುಟ್ಟಿಕೊಳ್ಳುವ ಮದ್ಯಸಾರದಿಂದ ಕೆಡದ ಹಾಗೆ ಮಾಡಿರುತ್ತಾರೆ. ಮನೆಯ ಫ್ಲಾಸ್ಕಿನಲ್ಲಿ ಆಗುವುದು ಅದಲ್ಲ. ಚೆಲ್ಲಿಬಿಡಿ.

ಮತ್ತೆ ಬಿಸಿ ಮಾಡುವುದಾದರೆ ಬಿಸಿನೀರಿನ ಪಾತ್ರೆಯಲ್ಲಿ ಲೋಟ ಇಟ್ಟು ಬೆಚ್ಚಗೆ ಮಾಡಿ. ಮತ್ತೆ ಕುದಿಸಿದರೆ ಇನ್ನೂ ಬತ್ತುತ್ತದೆ, ಗಟ್ಟಿಯಾಗುತ್ತದೆ.

ಯಾರು ಎಚ್ಚರವಾಗಿರಬೇಕು

ಕಷಾಯಕ್ಕೆ ಗುಣ ಇದೆ ಅಂತ ನಂಬುವವನು ನಾನು. ಗುಣ ಇರುವುದಕ್ಕೆ ದೋಷವೂ ಇರುತ್ತದೆ ಅಂತ ಒಪ್ಪಲೇಬೇಕು.

ಜ್ಯೇಷ್ಠಮಧು ದಿನಾ ಜಾಸ್ತಿ ತಿಂದರೆ ಬಿಪಿ ಏರುತ್ತದೆ, ಮೈಯಲ್ಲಿನ ಪೊಟ್ಯಾಸಿಯಂ ಇಳಿಯುತ್ತದೆ. ಬಿಪಿ ಇರುವವರು, ಹೃದಯ ಮತ್ತು ಕಿಡ್ನಿ ತೊಂದರೆ ಇರುವವರು ಅದನ್ನು ಬಿಟ್ಟೇ ಮಾಡಿ, ಬಸುರಿಯರಿಗೂ ಬೇಡ. ಮೇಲಿನ ಕಷಾಯ ಅದಿಲ್ಲದೆಯೂ ಚೆನ್ನಾಗಿರುತ್ತದೆ. ಆಡುಸೋಗೆ ಕೆಮ್ಮಿಗೆ ಹೆಸರುವಾಸಿ, ಆದರೆ ಗರ್ಭಕೋಶವನ್ನು ಕುಗ್ಗಿಸುವ ಗುಣ ಅದಕ್ಕಿದೆ, ಬಸುರಿಯರು ಮುಟ್ಟಬಾರದು. ಅಮೃತಬಳ್ಳಿಯನ್ನು ಕೊರೊನಾ ಕಾಲದಲ್ಲಿ ತಿಂಗಳುಗಟ್ಟಲೆ ಕುಡಿದ ಕೆಲವರಲ್ಲಿ ಲಿವರ್‌ಗೆ ಏಟಾದದ್ದನ್ನು 2021ರಲ್ಲಿ ಮುಂಬೈಯ ವೈದ್ಯರು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಬೇರೆ ಜಾತಿಯ ಬಳ್ಳಿ ಬೆರೆತಿರಬಹುದು ಅಂದಿತು. ಯಾರು ಸರಿ ಅನ್ನುವ ವಾದ ಇರಲಿ, ಮನೆಯಲ್ಲಿ ನಾವು ಮಾಡಬೇಕಾದ್ದು ಒಂದೇ. ಗೊತ್ತಿರುವ ಕಡೆಯಿಂದ ತನ್ನಿ, ನಾಲ್ಕು ದಿನಕ್ಕೆ ನಿಲ್ಲಿಸಿ. ಕಣ್ಣು, ಮೂತ್ರ ಹಳದಿಯಾದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಆಗಲೇ ಲಿವರ್ ತೊಂದರೆ ಇರುವವರಿಗೆ ಅದು ಬೇಡವೇ ಬೇಡ.

ರಕ್ತ ತೆಳುವಾಗುವ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ದಿನಾ ಕಷಾಯ ಕುಡಿಯುತ್ತಿದ್ದರೆ ಡಾಕ್ಟರಿಗೆ ಹೇಳಿ, ಮುಚ್ಚಿಡಬೇಡಿ. ಜ್ವರ ಮೂರು ದಿನ ದಾಟಿದರೆ, ಉಸಿರು ಕಟ್ಟಿದರೆ, ಮಗು ಸಪ್ಪಗಾದರೆ ಕಷಾಯದ ಪಾತ್ರೆ ಪಕ್ಕಕ್ಕಿಟ್ಟು ಹೊರಡಿ. ಡೆಂಗಿ ದಿನಗಳಲ್ಲಂತೂ ರಕ್ತ ಪರೀಕ್ಷೆ ತಡ ಮಾಡಬೇಡಿ.

ಎಡವಟ್ಟಾದರೆ

ಕಹಿ ಜಾಸ್ತಿಯಾದರೆ ಬೆಲ್ಲ ಸುರಿಯುವ ಮೊದಲು ಯೋಚಿಸಿ. ಹೆಚ್ಚಿನ ಸಲ ಎಲೆಯನ್ನು ಬೇಗ ಹಾಕಿರುತ್ತೀರಿ, ಇಲ್ಲವೇ ಉರಿ ಜೋರಿತ್ತು. ಬಿಸಿನೀರು ಬೆರೆಸಿ ತೆಳು ಮಾಡಿ ಕುಡಿಯಿರಿ, ಮುಂದಿನ ಸಲ ಕ್ರಮ ಬದಲಿಸಿ. ತಳ ಹಿಡಿದರೆ ಮಾತ್ರ ಉಳಿಸುವ ಪ್ರಯತ್ನ ಬೇಡ, ಸೀದ ವಾಸನೆ ಹೋಗುವುದಿಲ್ಲ. ಗುರುತಿಗಿಂತ ಕೆಳಗೆ ಇಳಿದುಹೋದರೆ ಮನೆ ಕಷಾಯಕ್ಕೆ ಗುರುತಿನವರೆಗೆ ಬಿಸಿನೀರು ಸೇರಿಸಬಹುದು. ಕುಕ್ಕರಿನಲ್ಲಿ ಸೀಟಿ ಹಾಕಿಸುವವರಿದ್ದಾರೆ. ಬೇರು ಬೇಗ ಬೇಯುತ್ತದೆ ನಿಜ, ಆದರೆ ನೀರು ಇಳಿಯುವುದಿಲ್ಲ, ಮತ್ತೆ ತೆರೆದು ಬತ್ತಿಸಲೇಬೇಕು. ನನಗೇನೋ ಅದು ಎರಡು ಕೆಲಸ ಅನ್ನಿಸುತ್ತದೆ.

ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದ ಚರಟವನ್ನು ಹಾಗೇ ಎಸೆಯಬೇಡಿ. ಒಂದು ದೊಡ್ಡ ಪಾತ್ರೆ ನೀರಿಗೆ ಹಾಕಿ ಮತ್ತೊಂದು ಕುದಿ ಕುದಿಸಿ, ಬಕೆಟ್ಟಿಗೆ ಹೊಯ್ದು, ಕೈ ತಡೆಯುವಷ್ಟು ಆರಿಸಿ ಕಾಲು ಇಳಿಬಿಟ್ಟು ಕೂತುಕೊಳ್ಳಿ. ದೊಡ್ಡಮ್ಮ ಮಳೆಗಾಲದಲ್ಲಿ ತೋಟದಿಂದ ಬಂದವರಿಗೆಲ್ಲ ಹೀಗೆ ಮಾಡಿಸುತ್ತಿದ್ದರು. ನೀರು ತಣ್ಣಗಾದ ಮೇಲೆ ಬಕೆಟ್ ಎತ್ತಿಕೊಂಡು ಹೋಗಿ, ಚರಟದ ಸಮೇತ ಅಂಗಳದ ದೊಡ್ಡಪತ್ರೆ ಬುಡಕ್ಕೆ ಹೊಯ್ಯುತ್ತಿದ್ದರು.